ಆಲೆಮನೆಯ 47 ಸೆಕೆಂಡುಗಳು

ಮಂಡ್ಯದಲ್ಲಿ ನಾನು ನಡೆಸುತ್ತಿರುವ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ವಿಮಾ ಕಂಪನಿಯವರು ಒಂದು ಪೆನ್‌ಡ್ರೈವ್ ಹಾಜರುಪಡಿಸಿದರು. ಅದರಲ್ಲಿದ್ದದ್ದು ಅವರ ಇನ್ವೆಸ್ಟಿಗೇಟರ್ ನನ್ನ ಕಕ್ಷಿದಾರರಿಗೆ ತಿಳಿಯದಂತೆ ಆಲೆಮನೆಯ ಬಳಿ ಮೊಬೈಲಿನಲ್ಲಿ ತೆಗೆದ 47 ಸೆಕೆಂಡಿನ ವಿಡಿಯೊ. ಎಡಗಾಲಿನ ಮೂಳೆ ಮುರಿದು, ಒಳಗೆ ರಾಡ್ ಹಾಕಿಸಿಕೊಂಡು, ಮೊದಲಿನಂತೆ ದುಡಿಯಲಾಗುತ್ತಿಲ್ಲವೆಂದು ಅರ್ಜಿ ಸಲ್ಲಿಸಿರುವ ಅವರು ಅದರಲ್ಲಿ ನಿಂತು ಗಾಣಕ್ಕೆ ಕಬ್ಬು ಕೊಡುತ್ತಿದ್ದಾರೆ. ಇದನ್ನು ನೋಡಿದ ಮೂಳೆತಜ್ಞರೊಬ್ಬರು ಕಂಪನಿಯ ಪರವಾಗಿ ಸಾಕ್ಷಿ ನುಡಿದು, ಇವರ ದುಡಿಮೆಗೆ ಯಾವ ಕುಂದೂ ಬಂದಿಲ್ಲವೆಂದರು.

ತಜ್ಞರ ಮಾತಿಗೆ ಬೆಲೆ ಕಟ್ಟುವ ಮೊದಲು ವಿಡಿಯೊವೇ ಸಾಕ್ಷ್ಯವಾಗಿ ನಿಲ್ಲಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63, ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿಯ ಜಾಗದಲ್ಲಿ ಬಂದದ್ದು, ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಎರಡು ಭಾಗಗಳ ಪ್ರಮಾಣಪತ್ರವನ್ನು ಕೇಳುತ್ತದೆ. ಒಂದನ್ನು ಹಾಜರುಪಡಿಸುವವರೂ ಇನ್ನೊಂದನ್ನು ಇಂಥ ದಾಖಲೆಗಳ ತಜ್ಞರೂ ತುಂಬಿ, ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದ ಒಳಗಿನದರಿಂದಲೇ ಲೆಕ್ಕ ಹಾಕಿ ತೆಗೆದ ಗುರುತನ್ನು, ನಮೂದಿಸಬೇಕು. ಆ ಮೌಲ್ಯ ಅನಂತರ ನಡೆದ ತಿದ್ದುಪಡಿಯನ್ನು ಹಿಡಿದುಕೊಡುತ್ತದೆಯೇ ಹೊರತು ಅದಕ್ಕೂ ಮುಂಚೆಯೇ ಕತ್ತರಿಸಿ ಕೈಬಿಟ್ಟ ಭಾಗವನ್ನು ತೋರಿಸುವುದಿಲ್ಲ. ಮೂಲ ಉಪಕರಣವನ್ನೇ ಅದರ ಒಡೆಯರು ಸಾಕ್ಷಿಕಟ್ಟೆಗೆ ತಂದರೆ ಪ್ರಮಾಣಪತ್ರ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಪ್ರಕರಣದಲ್ಲಿ ಪ್ರಮಾಣಪತ್ರವೂ ಬರಲಿಲ್ಲ, ಮೊಬೈಲೂ ಬರಲಿಲ್ಲ.

ಮೋಟಾರು ವಾಹನ ಕಾಯ್ದೆಯ ಕಲಂ 169 ಸಂಕ್ಷಿಪ್ತ ವಿಚಾರಣೆಗೆ ಅವಕಾಶ ಕೊಟ್ಟಿರುವುದರಿಂದ ಇಷ್ಟು ಬಿಗಿ ಬೇಡವೆಂಬುದು ಎದುರು ವಕೀಲರ ವಾದ. ಗಾಯಾಳು ವರ್ಷಗಟ್ಟಲೆ ಅಲೆಯದಿರಲೆಂದು ಕೊಟ್ಟ ಸಡಿಲಿಕೆಯನ್ನು ಅವರ ವಿರುದ್ಧವೇ ಬುಡ ತಿಳಿಯದ ಪ್ರತಿಯನ್ನು ಒಳತರಲು ಬಳಸುವುದನ್ನು ನಾನು ಒಪ್ಪಲಾರೆ.

ಆ ಮೂಳೆತಜ್ಞರ ಪಾಟೀಸವಾಲಿನಲ್ಲಿ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. 19ನೇ ಸೆಕೆಂಡಿನಲ್ಲಿ ನನ್ನ ಕಕ್ಷಿದಾರರ ಎಡ ಮೊಣಕೈ ಚಪ್ಪರದ ಕಂಬಕ್ಕೆ ಆತುಕೊಂಡಿದೆ, ಮೈಭಾರವೆಲ್ಲ ಬಲಗಾಲಿನ ಮೇಲಿದೆ, ಎಡ ಹಿಮ್ಮಡಿ ನೆಲಕ್ಕೆ ತಾಗಿಲ್ಲ. ಕಬ್ಬನ್ನು ಎತ್ತಿ ಅವರ ಕೈಗೆ ಕೊಡುತ್ತಿರುವ ಇನ್ನೊಬ್ಬರ ಕೈ ಚಿತ್ರದ ಅಂಚಿನಲ್ಲಿ ಕಾಣುತ್ತದೆ. ಇವರನ್ನು ಪರೀಕ್ಷಿಸಿದ್ದೀರಾ ಎಂದಾಗ ವೈದ್ಯರು ಇಲ್ಲವೆಂದರು. ಎಕ್ಸ್‌ರೇಯನ್ನೂ ನೋಡಿರಲಿಲ್ಲ.

ಸುಳ್ಳು ಅರ್ಜಿಗಳೂ ಬರುತ್ತವೆ, ಅಂಥವನ್ನು ಬಯಲಿಗೆಳೆಯಲು ವಿಡಿಯೊ ಬೇಕಾಗುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 39 ತಜ್ಞರ ಅಭಿಪ್ರಾಯಕ್ಕೆ ಮನ್ನಣೆ ಕೊಡುವುದು ಅವರ ವಿಶೇಷ ಜ್ಞಾನಕ್ಕಾಗಿ. ಕಾಲಿನ ಪರೀಕ್ಷೆಯನ್ನೂ ಎಕ್ಸ್‌ರೇಯನ್ನೂ ವಿಡಿಯೊದೊಡನೆ ಹೋಲಿಸಿ ಹೇಳಿದ್ದರೆ ಆ ಜ್ಞಾನ ನ್ಯಾಯಮಂಡಳಿಗೆ ಒದಗುತ್ತಿತ್ತು. ಅದಿಲ್ಲದೆ ಪರದೆಯ ಮೇಲೆ ಕಂಡದ್ದನ್ನಷ್ಟೇ ಹೇಳುವುದಾದರೆ ಆ ಕಣ್ಣು ನ್ಯಾಯಾಧೀಶರಿಗೂ ಇದೆ. ಅಲ್ಲದೆ ವೈದ್ಯರು ಹೇಳಬಹುದಾದದ್ದು ಶಾಶ್ವತ ಅಂಗವೈಕಲ್ಯದ ಪ್ರಮಾಣವನ್ನು ಮಾತ್ರ, ಅದರಿಂದ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ನಿರ್ಧರಿಸುವುದು ನ್ಯಾಯಮಂಡಳಿಯ ಕೆಲಸವೆಂದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಸ್ಪಷ್ಟಪಡಿಸಿದೆ.

ಮೂಲ ಮೊಬೈಲನ್ನೂ ಆ ದಿನ ಚಿತ್ರೀಕರಿಸಿದ ಅಷ್ಟನ್ನೂ ಹಾಜರುಪಡಿಸುವಂತೆ ನಿರ್ದೇಶಿಸಬೇಕೆಂದು ಮಧ್ಯಂತರ ಅರ್ಜಿ ಹಾಕಿದ್ದೇನೆ. ಅದರ ವಿಚಾರಣೆ ಮುಂದಿನ ವಾರಕ್ಕಿದೆ.