ಅವರೆಕಾಯಿ ಕಾಲದ ಒಂದು ದೂರು

ಡಿಸೆಂಬರ್ 3, 2025, ಬುಧವಾರ, ಮೈಸೂರು

ಹನ್ನೊಂದು ಗಂಟೆ ಇರಬೇಕು. ಶನಿವಾರ ನಮ್ಮ ಪಾರ್ಲರಿನಲ್ಲಿ ಉಗುರಿಗೆ ಜೆಲ್ ಪಾಲಿಶ್ ಹಾಕಿಸಿಕೊಂಡು ಹೋಗಿದ್ದ ಆಂಟಿ ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದರು. "ನೋಡಮ್ಮ, ಎರಡು ವಾರ ಬರುತ್ತೆ ಅಂದಿದ್ದೆ. ನಾಲ್ಕೇ ದಿನಕ್ಕೆ ಎದ್ದು ಬಂದಿದೆ. ಭಾನುವಾರ ಮಗಳ ನಿಶ್ಚಿತಾರ್ಥ ಇಟ್ಕೊಂಡು ಈ ಕೈ ಯಾರಿಗೆ ತೋರಿಸಲಿ?" ಐಬ್ರೋ ಮಾಡಿಸಲು ಕೂತಿದ್ದ ಇಬ್ಬರು ತಿರುಗಿ ನೋಡಿದರು.

ನನ್ನ ಮುಖ ಬಿಸಿಯಾಯಿತು. "ಬೇರೆ ಯಾರಿಗೂ ಹೀಗಾಗಿಲ್ಲ ಆಂಟಿ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದು ನಿಜವೇ ಆದರೂ ಎದುರಿನವರಿಗೆ "ತಪ್ಪು ನಿಮ್ಮದೇ" ಅಂತಲೇ ಕೇಳಿಸುತ್ತೆ, ಅಲ್ವಾ? "ಕೂತ್ಕೊಳ್ಳಿ ಆಂಟಿ, ಕೈ ಕೊಡಿ" ಅಂದೆ. ಟೇಬಲ್ ದೀಪ ಹಾಕಿ ಒಂದೊಂದೇ ಬೆರಳು ಹಿಡಿದು ನೋಡಿದೆ. ಹೀಗೆ ಕೈ ಹಿಡಿದು ನೋಡುವಾಗ ಎದುರಿಗಿರುವವರ ದನಿ ತಾನಾಗೇ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಪಾಲಿಶ್ ಎಲ್ಲಿಂದ ಎದ್ದಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ತೋರುಬೆರಳು ಮತ್ತು ಉಂಗುರದ ಬೆರಳಲ್ಲಿ ಬುಡದಿಂದ ಎದ್ದಿತ್ತು. ಅದು ನನ್ನದೇ ತಪ್ಪು. ಬೇಸ್ ಕೋಟ್, ಅಂದರೆ ಮೊದಲ ಪದರ, ಬುಡದ ಚರ್ಮಕ್ಕೆ ತಾಗಿದೆ, ಒರೆಸದೆ ಹಾಗೇ ಜೆಲ್ ಗಟ್ಟಿ ಮಾಡುವ ಲ್ಯಾಂಪಿಗೆ ಇಟ್ಟಿದ್ದೇನೆ. ಚರ್ಮಕ್ಕೆ ಅಂಟಿದ ಜೆಲ್ ಬೇಗ ಬಿಟ್ಟುಕೊಳ್ಳುತ್ತೆ, ಬಿಡುವಾಗ ಉಗುರಿನ ಮೇಲಿನದನ್ನೂ ಎಳೆದುಕೊಂಡು ಬರುತ್ತೆ. ಶನಿವಾರ ಸಂಜೆ ಜನ ಜಾಸ್ತಿ ಇದ್ದರು, ಆತುರಪಟ್ಟೆ. ಹೆಬ್ಬೆರಳಿನ ಕಥೆ ಬೇರೆ. ಅಲ್ಲಿ ಪಾಲಿಶ್ ತುದಿಯಿಂದ ಸಿಪ್ಪೆಯ ಹಾಗೆ ಸುಲಿದಿತ್ತು, ಉಗುರಿನಡಿ ಕಂದು ಗೆರೆ. ಕೈ ಹತ್ತಿರ ತಂದಾಗ ಸೊಗಡಿನ ವಾಸನೆ ಬಂತು.

ಮೊದಲು ನನ್ನದನ್ನೇ ಹೇಳಿದೆ. "ಆಂಟಿ, ಈ ಎರಡು ಬೆರಳು ನಾನು ಸರಿಯಾಗಿ ಮಾಡಿಲ್ಲ. ಈಗಲೇ ತೆಗೆದು ಹೊಸದಾಗಿ ಹಾಕ್ತೀನಿ, ದುಡ್ಡು ಬೇಡ." ಐಬ್ರೋದವರಿಗೂ ಕೇಳಿಸಿರಬೇಕು. ಕೇಳಿಸಲಿ. ಆಮೇಲೆ ಹೆಬ್ಬೆರಳು ಹಿಡಿದು, "ಮನೇಲಿ ಹಿತಕಿದವರೆ ಶುರುವಾಯ್ತಾ?" ಅಂದೆ. ಆಂಟಿ ನಕ್ಕೇಬಿಟ್ಟರು. "ಬೀಗರು ಬಂದಿದ್ರು ಕಣಮ್ಮ. ಎರಡು ಕೆಜಿ ಕಾಯಿ ಬಿಡಿಸಿ, ನೆನೆಸಿ, ನಾನೊಬ್ಬಳೇ ಹಿತಕಿದೆ." "ಕೈಗೆ ಏನು ಕೆಲಸ ಕೊಟ್ರಿ?" ಅಂತ ಕೇಳಿದ್ದರೆ ಈ ಉತ್ತರ ಖಂಡಿತ ಬರುತ್ತಿರಲಿಲ್ಲ.

ಮೇಲಿನ ಪದರ, ಅಂದರೆ ಟಾಪ್ ಕೋಟ್, ಫೈಲ್ ಮಾಡಿ, ಪಾಲಿಶ್ ಬಿಡಿಸುವ ಅಸಿಟೋನ್ ಹತ್ತಿ ಇಟ್ಟು, ಫಾಯಿಲ್ ಸುತ್ತಿದೆ. ಹದಿನೈದು ನಿಮಿಷ ಕೂರಬೇಕಲ್ಲ, ಆಗ ಸುಮ್ನೆ ಮಾತಿನ ನಡುವೆ ಹೇಳಿದೆ: ಎದ್ದಿದ್ದನ್ನು ಕಿತ್ತು ಎಳೆಯಬೇಡಿ, ಉಗುರಿನ ಪದರವೂ ಜೊತೆಗೆ ಬರುತ್ತೆ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ. ತಿಳಿ ಬಣ್ಣ ಬೇಡ, ಅರಿಶಿನ ಹಿಡಿಯುತ್ತೆ. ಅವರು ಮೆರೂನ್ ಆರಿಸಿದರು. ಈ ಸಲ ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಹಾಕಿದೆ. ಪ್ರತಿ ಬೆರಳನ್ನೂ ಲ್ಯಾಂಪಿಗೆ ಇಡುವ ಮೊದಲು ಅಂಚು ಒರೆಸಿದೆ.

ಆ ಕೂದಲೆಳೆ ಜಾಗ ಬರೀ ಅಂದಕ್ಕಲ್ಲ. ಹೋದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. ಬೇರೆಲ್ಲೋ ಹಾಕಿಸಿಕೊಂಡಿದ್ದಳು. ಉಗುರಿನ ಸುತ್ತ ಕೆಂಪು, ತಡೆಯಲಾರದ ತುರಿಕೆ. ಇನ್ನೊಂದು ಬಣ್ಣ ಹಾಕಿ ಮುಚ್ಚಿಕೊಡಿ ಅಂದಳು. ನಾನು ಹಾಕಲಿಲ್ಲ. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅದರಲ್ಲಿರುವ ಹೇಮಾ (HEMA) ಅನ್ನೋ ಅಕ್ರಿಲೇಟ್ ಜಾತಿಯಂಥ ರಾಸಾಯನಿಕಕ್ಕೆ ಅಲರ್ಜಿ ಹತ್ತಬಹುದು. ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಅದೇ ಜಾತಿಯ ರಾಸಾಯನಿಕ ಇರುತ್ತೆ. ಚರ್ಮದ ಡಾಕ್ಟರ ಹತ್ತಿರ ಹೋಗು ಅಂತ ಕಳಿಸಿದೆ. ಅವಳು ಮುಖ ಊದಿಸಿಕೊಂಡೇ ಹೋದಳು. ಅಂಥ ದೂರಿಗೆ ಸಿಹಿ ಮಾತು, ಫ್ರೀ ಪಾಲಿಶ್ ಕೊಟ್ಟು ಸುಮ್ಮನಾಗಿಸುವುದು ದ್ರೋಹ ಅಂತಲೇ ನನಗನಿಸುತ್ತೆ. ಅಂಚು ಒರೆಸದೆ ಬಿಟ್ಟ ನನ್ನ ಶನಿವಾರದ ಆತುರ ಅದೇ ದಾರಿಯದು. ಅದಕ್ಕೇ ಆಂಟಿ ಹೋದ ಮೇಲೂ ಅವರ ಎರಡು ಬೆರಳು ಕಣ್ಣ ಮುಂದೆಯೇ ಇದ್ದವು.

ಹೊರಡುವಾಗ, "ಮತ್ತೆ ಎದ್ರೆ?" ಅಂದರು. "ಶನಿವಾರ ಸಂಜೆ ಒಂದು ಸಲ ಬನ್ನಿ, ನೋಡ್ತೀನಿ" ಅಂದೆ. ಆರು ಗಂಟೆಗೆ ಹದಿನೈದು ನಿಮಿಷ ಅವರ ಹೆಸರಿಗೆ ಬರೆದಿಟ್ಟಿದ್ದೇನೆ. ಆ ಹೊತ್ತಿಗೆ ಬೇರೆ ಯಾರನ್ನೂ ತಗೊಳ್ಳೋದಿಲ್ಲ.