ನೀರು ಇಳಿದ ಮೇಲೆ ನಿಮಗೇನು ಕೆಲಸ?

ವಿಪತ್ತು ಪರಿಹಾರದಲ್ಲಿ ಕೆಲಸ ಮಾಡುವವರನ್ನು ನೆಂಟರಿಷ್ಟರಿಂದ ಹಿಡಿದು ಸಮಾಜಕಾರ್ಯ ಓದುವ ಹುಡುಗರವರೆಗೆ ಎಲ್ಲರೂ ಕೇಳುವುದು ಇದನ್ನೇ: ಪ್ರವಾಹದ ಹೊತ್ತಿಗೆ ಸರಿ, ನೀರು ಇಳಿದ ಮೇಲೆ ನಿಮಗೇನು ಕೆಲಸ?

ಪರಿಹಾರ ಸಿಗಬೇಕಾದವರ ಪಟ್ಟಿ ಮಾಡುವ ಕೆಲಸ. ತಮಾಷೆಯಲ್ಲ, ವರ್ಷಗಟ್ಟಲೆ ಅದೇ.

ಪರಿಹಾರ ಕೇಂದ್ರಕ್ಕಾದರೆ ಅಳತೆಗಳಿವೆ. ವಿಪತ್ತು ನೆರವಿಗೆಂದು ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ಸೂರಿನಡಿ ತಲಾ 3.5 ಚದರ ಮೀಟರ್ ಜಾಗ. ಎಣಿಸಿದರೆ ಕೊರತೆ ಎಷ್ಟೆಂದು ಸಂಜೆಯೊಳಗೆ ತಿಳಿಯುತ್ತದೆ. ಪಟ್ಟಿಯಿಂದ ಬಿಟ್ಟುಹೋದ ಹೆಸರು ಹಾಗಲ್ಲ. ಅದು ಗೊತ್ತಾಗುವುದು ಹಣ ಹಂಚಿ ಮುಗಿದ ಮೇಲೆ.

ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಬಾಗಿಲಲ್ಲೇ. ಸಮೀಕ್ಷೆಗೆ ಹೋದವರು ಮನೆ ಎಣಿಸುತ್ತಾರೆ, ಕುಟುಂಬ ಎಣಿಸುವುದಿಲ್ಲ. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಅವು ಎರಡು ಕುಟುಂಬ. ಹಾಗಾಗಿ "ಯಜಮಾನರು ಯಾರು?" ಅನ್ನುವುದಕ್ಕಿಂತ ಮೊದಲು "ಇಲ್ಲಿ ಎಷ್ಟು ಕಡೆ ಅಡುಗೆ ಆಗುತ್ತೆ?" ಅಂತ ಕೇಳಬೇಕು. ಆಸ್ತಿ ದಾಖಲೆ ಹಿಡಿದು ಹೊರಟರೆ ಮಾಲೀಕರು ಸಿಗುತ್ತಾರೆ, ಪಾತ್ರೆ ಪಗಡಿಯೆಲ್ಲ ಕಳಕೊಂಡ ಬಾಡಿಗೆದಾರರು ಸಿಗುವುದಿಲ್ಲ. ಹಗಲಲ್ಲಿ ಹೋದರೆ ಕೂಲಿಗೆ ಹೋದವರ ಮನೆಗೆ ಬೀಗ. ಅಲ್ಲಿ "ಯಾರೂ ಇಲ್ಲ" ಎಂದು ಬರೆದರೆ ಆ ಮನೆಯ ಕಥೆ ಮುಗಿಯಿತು. "ಬೀಗ" ಎಂದು ಬರೆದು, ಹೊತ್ತು ಬದಲಿಸಿ ಮೂರು ಸಲವಾದರೂ ಹೋಗಬೇಕು.

ಆಮೇಲೆ ಕರಡು ಪಟ್ಟಿಯನ್ನು ಜನ ಓಡಾಡುವ ಕಡೆ ಅಂಟಿಸಿ, ಓದು ಬಾರದವರಿಗಾಗಿ ಗಟ್ಟಿಯಾಗಿ ಓದಬೇಕು. ಯಾರು ಬಿಟ್ಟುಹೋಗಿದ್ದಾರೆ ಅನ್ನುವುದು ಅಕ್ಕಪಕ್ಕದವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೋಡೆಗೆ ಹಾಕುವ ಪ್ರತಿಯಲ್ಲಿ ಮಾತ್ರ ಫೋನ್ ನಂಬರು, ಬ್ಯಾಂಕ್ ಖಾತೆ, ಕಾಯಿಲೆಯ ವಿವರ ಇರಕೂಡದು.

ಇನ್ನು ಹಾನಿಯ ಪುರಾವೆ. ಉತ್ಸಾಹಿ ಸ್ವಯಂಸೇವಕರು ಬೆಳಿಗ್ಗೆ ಬಂದು ಕೆಸರು ತೊಳೆಯುತ್ತಾರೆ, ಕೆಸರಿನ ಜೊತೆ ಪುರಾವೆಯೂ ಹೋಗುತ್ತದೆ. ವಾರದ ಮೇಲೆ ಬಂದ ಅಧಿಕಾರಿಗೆ ಕಾಣುವುದು ಚೊಕ್ಕ ಗೋಡೆ. ಪೊರಕೆ ಮುಟ್ಟುವ ಮೊದಲು ಅಳತೆ ಟೇಪನ್ನು ನೆಲಕ್ಕೆ ತಾಗಿಸಿ ಗೋಡೆಗುಂಟ ಮೇಲಕ್ಕೆಳೆದು, ನೀರಿನ ಕಲೆಯ ಮೇಲಂಚೂ ಟೇಪಿನ ಅಂಕಿಯೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆಯಬೇಕು. ಹಿಂದೆ ಸರಿದು ಇಡೀ ಕೋಣೆಯದೊಂದು, ಹೊರಗಿನಿಂದ ಮನೆ ನಂಬರಿನ ಜೊತೆ ಇನ್ನೊಂದು. ಕೆಟ್ಟುಹೋದ ಫ್ರಿಜ್ಜು, ಪಂಪುಗಳದ್ದಾದರೆ ಸೀರಿಯಲ್ ನಂಬರ್ ಇರುವ ಚೀಟಿಯದೂ ಬೇಕು.

ಒದ್ದೆಯಾದ ಕಾಗದಪತ್ರವನ್ನು ಬಿಸಿಲಿಗೆ ಹರಡಬೇಡಿ, ಅಂಟಿದ ಹಾಳೆಗಳನ್ನು ಕೀಳಲೂಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ, ಕೆಳಗೆ ಹೀರುಕಾಗದ ಹಾಸಿ ಒಣಗಿಸಿ. 48 ಗಂಟೆಯೊಳಗೆ ಒಣಗಿಸಲಾಗದಷ್ಟಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಬೂಷ್ಟು ಹಿಡಿಯುವುದಿಲ್ಲ, ಬಿಡುವಾದಾಗ ಒಂದೊಂದೇ ತೆಗೆದು ಒಣಗಿಸಬಹುದು.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲೇ ಕೇಳಬೇಕು, ಬಾಯಿಮಾತಿನ ಕಾರಣಕ್ಕೆ ಮೇಲ್ಮನವಿ ಹಾಕಲಾಗದು. ಕೆದಕಿದರೆ ಎಷ್ಟೋ ಸಲ ಸಿಗುವುದು ಸಣ್ಣ ವಿಷಯ: ಒಂದು ದಾಖಲೆಯಲ್ಲಿ ತಂದೆಯ ಹೆಸರು ಸೇರಿದೆ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಇಂಥದ್ದನ್ನು ಬೆನ್ನುಹತ್ತಲು ಪ್ರತಿ ಕಡತದ ಮೇಲೂ ಮುಂದಿನ ತಾರೀಖು ಮತ್ತು ಹೊಣೆ ಹೊತ್ತವರ ಹೆಸರು ಇರಬೇಕು. ಮಂಜೂರಾತಿ ಪತ್ರ ಬಂತೆಂದು ಕಡತ ಕಟ್ಟಿಡುವಂತಿಲ್ಲ. ಪಾಸ್‌ಬುಕ್ ತೆರೆಸಿ, ದುಡ್ಡು ಬಿದ್ದಿರುವ ಸಾಲನ್ನು ಕಣ್ಣಾರೆ ನೋಡಿ, ಆ ತಾರೀಖನ್ನು ಬರೆದುಕೊಂಡು ಕಟ್ಟಬೇಕು.