ಬಾಡಿಗೆ ಕಟ್ಟೋದು ತಾನೆ, ಅದನ್ಯಾಕೆ ಸಾಲ ಅಂತ ತೋರಿಸ್ಬೇಕು?

ಆಡಿಟ್ ಟೈಮ್ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತೆ. "ಸರ್, ಬ್ಯಾಂಕಿಂದ ಒಂದ್ರೂಪಾಯಿ ತಗೊಂಡಿಲ್ಲ, ಶೋರೂಮಿಗೆ ತಿಂಗ್ಳು ತಿಂಗ್ಳು ಬಾಡಿಗೆ ಕಟ್ತೀವಿ ಅಷ್ಟೇ, ಬ್ಯಾಲೆನ್ಸ್ ಶೀಟಲ್ಲಿ ಸಾಲ ಎಲ್ಲಿಂದ ಬಂತು?"

ಅರ್ಧ ಗೊಂದಲ ಪದದ್ದೇ. ಬೆಂಗಳೂರಲ್ಲಿ ಲೀಸ್ ಅಂದ್ರೆ ಓನರ್‌ಗೆ ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ದೆ ಇರೋದು, ಭೋಗ್ಯ. ಅಕೌಂಟ್ಸಲ್ಲಿ ಹಾಗಲ್ಲ, ದುಡ್ಡು ಕೊಟ್ಟು ಇಂಥ ವಸ್ತುನ ಇಷ್ಟು ಕಾಲ ನಾನೇ ಬಳಸ್ತೀನಿ ಅನ್ನೋ ಹಕ್ಕು ತಗೊಂಡ್ರೆ ಅದು ಲೀಸೇ, ಅಂಗಡಿ ಆಗ್ಲಿ ಲಾರಿ ಆಗ್ಲಿ ವಿಮಾನ ಆಗ್ಲಿ.

ಮೊದ್ಲು ಎಲ್ರೂ ಫೈನಾನ್ಸ್ ಲೀಸ್ (ಹೆಚ್ಚುಕಮ್ಮಿ ಕೊಂಡ ಹಾಗೇ), ಆಪರೇಟಿಂಗ್ ಲೀಸ್ (ಬರೀ ಬಾಡಿಗೆ) ಅಂತ ಎರಡು ಮಾಡ್ತಿದ್ರು, ಆಪರೇಟಿಂಗ್ ಆದ್ರೆ ಬಾಡಿಗೆ ಖರ್ಚು ಬರೆದು ಮುಗಿಸೋದು, ಮುಂದೆ ಕಟ್ಟಬೇಕಾದ್ದು ಬ್ಯಾಲೆನ್ಸ್ ಶೀಟ್ ಜೊತೆ ಬರೋ ನೋಟ್ಸಲ್ಲಿ (ವಿವರಣೆಗಳಲ್ಲಿ) ಎಲ್ಲೋ ಮೂಲೇಲಿ ಇರ್ತಿತ್ತು. ಸಣ್ಣ ಕಂಪನಿಗಳಿಗೆ ಎಎಸ್ 19 ಅನ್ನೋ ಹಳೇ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಈಗ್ಲೂ ಅದೇ. ಆದ್ರೆ ಇಂಡ್ ಎಎಸ್ (ಮುಖ್ಯವಾಗಿ ದೊಡ್ಡ ಕಂಪನಿಗಳಿಗಿರೋ ಹೊಸ ಸ್ಟ್ಯಾಂಡರ್ಡ್‌ಗಳು) ಅನ್ವಯಿಸೋ ಕಂಪನಿಗಳಿಗೆ 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಬಂತು, ಬಾಡಿಗೆಗೆ ತಗೊಂಡವ್ರಿಗೆ ಆ ಎರಡು ವಿಂಗಡಣೆ ಹೋಯ್ತು, ಸಾಮಾನ್ಯವಾಗಿ ಎಲ್ಲ ಲೀಸೂ ಬ್ಯಾಲೆನ್ಸ್ ಶೀಟಲ್ಲಿ ಸಾಲವಾಗಿ ಕಾಣಬೇಕು. ಬಾಡಿಗೆಗೆ ಕೊಟ್ಟವ್ರಿಗೆ ಹಾಗೇ ಉಳೀತು.

ಲೆಕ್ಕ ನೋಡಿ. ವರ್ಷಕ್ಕೆ 12 ಲಕ್ಷ ಬಾಡಿಗೆ, ವರ್ಷದ ಕೊನೇಲಿ ಕಟ್ಟೋದು, 5 ವರ್ಷ ಬಿಡೋ ಹಾಗಿಲ್ಲ, ಬಡ್ಡಿ ದರ 10% ಅಂದ್ಕೊಳ್ಳಿ. ಮುಂದೆ ಕಟ್ಟೋ 60 ಲಕ್ಷದಲ್ಲಿ ಬಡ್ಡಿ ಭಾಗ ಕಳೆದ್ರೆ ಇವತ್ತಿನ ಬೆಲೆ ಸುಮಾರು 45.49 ಲಕ್ಷ, ಅಷ್ಟು ಸಾಲ ಒಂದು ಕಡೆ, ಅಷ್ಟೇ ಬಳಕೆ ಹಕ್ಕಿನ ಆಸ್ತಿ ಇನ್ನೊಂದು ಕಡೆ. ಮೊದಲ್ನೇ ವರ್ಷ ಬಡ್ಡಿ 4.55, ಆ ಆಸ್ತಿನ ಐದು ವರ್ಷಕ್ಕೆ ಹಂಚಿದ ಸವಕಳಿ 9.10, ಒಟ್ಟು 13.65 ಲಕ್ಷ ಖರ್ಚು, ಕಟ್ಟಿದ್ದು ಮಾತ್ರ 12. ಕೊನೇ ವರ್ಷ 10.19ಕ್ಕೆ ಇಳಿಯುತ್ತೆ, ಐದೂ ವರ್ಷ ಕೂಡಿದ್ರೆ ಅದೇ 60 ಲಕ್ಷ. ನನ್ನ ಉತ್ತರ ಇಷ್ಟೇ, ಶೋರೂಮ್ ಖಾಲಿ ಬಿದ್ರೂ ಕಟ್ಟಲೇಬೇಕಾದ ದುಡ್ಡು ಸಾಲವೇ, ಬ್ಯಾಲೆನ್ಸ್ ಶೀಟ್ ನಂಬಿ ಷೇರ್ ತಗೊಳ್ಳೋವ್ರಿಗೆ ಅದು ಕಾಣಬೇಕು.

ಆಮೇಲೆ "ಹಾಗಾದ್ರೆ 11 ತಿಂಗಳ ಅಗ್ರಿಮೆಂಟ್ ಮಾಡ್ತೀವಿ" ಅಂತಾರೆ. 12 ತಿಂಗಳಿಗೆ ಮೀರದ ಲೀಸಿಗೆ, ಲ್ಯಾಪ್‌ಟಾಪ್ ತರದ ಕಡಿಮೆ ಬೆಲೆಯ ಸಾಮಾನಿಗೆ ವಿನಾಯ್ತಿ ಇರೋದು ನಿಜ. ಆದ್ರೆ ಮುಂದುವರಿಸೋ ಹಕ್ಕು ನಿಮ್ಮ ಕೈಲೇ ಇದ್ದು, ಲಕ್ಷಗಟ್ಲೆ ಸುರಿದು ಇಂಟೀರಿಯರ್ ಮಾಡ್ಸಿ, ಬಿಟ್ಟು ಹೋಗಲ್ಲ ಅಂತ ನಿಮಗೇ ಗೊತ್ತಿದ್ರೆ ಅವಧಿ 11 ತಿಂಗಳಲ್ಲ, ಮುಂದಿನ ವರ್ಷಗಳೂ ಸೇರುತ್ತೆ. ಇಡೀ ಸ್ಟ್ಯಾಂಡರ್ಡಲ್ಲಿ ನಾನು ಜಾಸ್ತಿ ಟೈಮ್ ಕೊಡೋದು ಇದಕ್ಕೇ, ಅವಧಿ ತಪ್ಪಾದ್ರೆ ಮಿಕ್ಕಿದ್ದೆಲ್ಲ ತಪ್ಪು.

ಅಡ್ವಾನ್ಸ್ (ಬಿಡೋವಾಗ ವಾಪಸ್ ಬರೋ ಡೆಪಾಸಿಟ್) ಮರೀಬೇಡಿ. ಬಡ್ಡಿ ಇಲ್ದೆ 10 ಲಕ್ಷ ಐದು ವರ್ಷ ಓನರ್ ಹತ್ರ ಇದ್ರೆ ಅದೇ ದರದಲ್ಲಿ ಇವತ್ತಿನ ಬೆಲೆ 6.21 ಲಕ್ಷ, ಉಳಿದ 3.79 ಮುಂಗಡ ಬಾಡಿಗೆ ಇದ್ದಂಗೆ, ಬಳಕೆ ಹಕ್ಕಿನ ಆಸ್ತಿಗೆ ಸೇರಿಸ್ಬೇಕು.

ಮಾರಾಟದ ಮೇಲೆ ಪರ್ಸೆಂಟೇಜ್ ಬಾಡಿಗೆ ಇದ್ರೆ ಮಾತ್ರ ಅದು ಸಾಲಕ್ಕೆ ಸೇರಲ್ಲ, ಆಯಾ ವರ್ಷದ ಖರ್ಚು. ಅದಕ್ಕೇ ನೋಟ್ಸಲ್ಲಿ ಅದನ್ನ ಬೇರೆಯಾಗಿ ಕೊಡ್ಬೇಕು, ಜೊತೆಗೆ ಸವಕಳಿ, ಬಡ್ಡಿ, ವಿನಾಯ್ತಿ ತಗೊಂಡ ಬಾಡಿಗೆಗಳು, ಲೀಸಿಗೆ ಹೋದ ಒಟ್ಟು ಕ್ಯಾಶು, ಯಾವ ವರ್ಷ ಎಷ್ಟು ಕಟ್ಟಬೇಕು ಅನ್ನೋ ಟೇಬಲ್. ಯಾರದೇ ರಿಪೋರ್ಟ್ ಬರ್ಲಿ, ನಾನು ಮೊದ್ಲು ತೆಗೆಯೋದು ಆ ಟೇಬಲ್ಲೇ.